ದೊಡ್ಡ ಪರದೆಯ ಫೋನು: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯ ನವನಗರದಲ್ಲಿ ನಾನು ಫೋನು ರಿಪೇರಿ ಮಾಡುತ್ತೇನೆ. ಬೀಳಗಿ, ಗುಳೇದಗುಡ್ಡ, ಇಳಕಲ್ಲುಗಳಿಂದ ಬರುವವರು, ಒಮ್ಮೊಮ್ಮೆ ವಿಜಯಪುರದಿಂದಲೂ ಬರುವವರು, ಡಿಸ್ಪ್ಲೇ ಬದಲಿಸಲು ಕೊಟ್ಟು ಕಾಯುವ ಹೊತ್ತಿನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಮುಂದಿನ ಸಲ ದೊಡ್ಡ ಫೋನನ್ನೇ ಕೊಳ್ಳಬೇಕೇ, ಕೊಂಡರೆ ಏನನ್ನು ನೋಡಬೇಕು ಎಂಬುದೇ ಅವುಗಳ ತಿರುಳು. ಉತ್ತರಗಳನ್ನು ಒಂದೆಡೆ ಬರೆದಿಟ್ಟರೆ ಹಣ ಕೊಟ್ಟ ಮೇಲೆ ಪಶ್ಚಾತ್ತಾಪ ಪಡುವವರು ಕಡಿಮೆಯಾಗಬಹುದೆಂದು ಇದನ್ನು ಬರೆದಿದ್ದೇನೆ.

ಎಷ್ಟು ಇಂಚು ಇದ್ದರೆ ದೊಡ್ಡ ಪರದೆ ಎನ್ನಬೇಕು?

ಇದಕ್ಕೆ ಸ್ಥಿರವಾದ ಅಳತೆಯಿಲ್ಲ. 2010ರಲ್ಲಿ ಡೆಲ್ ಕಂಪನಿಯ ಸ್ಟ್ರೀಕ್ 5 ಇಂಚಿನ ಪರದೆಯೊಂದಿಗೆ ಬಂದಾಗ ಅದನ್ನು ಫೋನು ಎನ್ನಬೇಕೋ ಟ್ಯಾಬ್ಲೆಟ್ ಎನ್ನಬೇಕೋ ಎಂಬ ಗೊಂದಲವಿತ್ತು. ಇಂದು 5 ಇಂಚಿನ ಫೋನನ್ನು ಹುಡುಕಿದರೂ ಅಂಗಡಿಯಲ್ಲಿ ಸಿಗುವುದು ಕಷ್ಟ. ಈಗಿನ ರೂಢಿಯಲ್ಲಿ 6.7 ಇಂಚು ಮತ್ತು ಅದಕ್ಕಿಂತ ಮೇಲಿನವುಗಳನ್ನು ದೊಡ್ಡ ಪರದೆಯವು ಎನ್ನಬಹುದು.

ಇಂಚು ಜಾಸ್ತಿಯಾದರೆ ಪರದೆ ಅಗಲವೂ ಆಗುತ್ತದೆ, ಅಲ್ಲವೇ?

ಆಗಲೇಬೇಕೆಂದಿಲ್ಲ, ಮತ್ತು ಕೊಳ್ಳುವವರು ಹೆಚ್ಚು ತಪ್ಪುವುದು ಇಲ್ಲಿಯೇ. ಪರದೆಯನ್ನು ಅಳೆಯುವುದು ಒಂದು ಮೂಲೆಯಿಂದ ಎದುರು ಮೂಲೆಗೆ, ಅಂದರೆ ಕರ್ಣದ ಉದ್ದಕ್ಕೆ. ಪರದೆ ಸಪೂರವಾಗಿ ಉದ್ದ ಬೆಳೆದರೂ ಕರ್ಣದ ಅಂಕಿ ಹೆಚ್ಚುತ್ತದೆ. 2011ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ ಫೋನಿನ ಪರದೆ 5.3 ಇಂಚಿನದು, ಆದರೆ ಅದರ ಉದ್ದ ಅಗಲಗಳ ಪ್ರಮಾಣ 16:10 ಇತ್ತು. ಲೆಕ್ಕ ಹಾಕಿದರೆ ಅದರ ಅಗಲ ಸುಮಾರು 7.1 ಸೆಂ.ಮೀ., ಉದ್ದ 11.4 ಸೆಂ.ಮೀ. ಈಗಿನ 20:9 ಪ್ರಮಾಣದ 6.7 ಇಂಚಿನ ಪರದೆಯ ಅಗಲ ಸುಮಾರು 7 ಸೆಂ.ಮೀ., ಉದ್ದ ಮಾತ್ರ 15.5 ಸೆಂ.ಮೀ. ಇಷ್ಟು ವರ್ಷಗಳಲ್ಲಿ ಇಂಚು ಏರಿದರೂ ಅಗಲ ಕೂದಲೆಳೆಯಷ್ಟು ಇಳಿದೇ ಇದೆ! ಪರದೆಯ ಸುತ್ತಲಿನ ಅಂಚನ್ನು ಕಿರಿದಾಗಿಸಿದ್ದರಿಂದ ಫೋನಿನ ಮೈ ಕೈಯಲ್ಲಿ ಹಿಡಿಯುವಷ್ಟೇ ಉಳಿದಿದೆ.

ಆದ್ದರಿಂದ ಸಾಲುಗಳನ್ನು ಕೆಳಕ್ಕೆ ಜರುಗಿಸುತ್ತ ಸುದ್ದಿ ಓದುವವರಿಗೆ ಉದ್ದದ ಪರದೆಯಿಂದ ಲಾಭವಿದೆ. ಅಗಲವಾದ ಕೋಷ್ಟಕ, ನಕ್ಷೆ, ಲೆಕ್ಕದ ಹಾಳೆ ನೋಡುವವರು ಇಂಚಿನ ಅಂಕಿಯನ್ನು ಬದಿಗಿಟ್ಟು, ಅಂಗಡಿಗೆ ಹೋಗುವಾಗ ಕಿಸೆಯಲ್ಲಿ ಒಂದು ಚಿಕ್ಕ ಅಳತೆಪಟ್ಟಿ ಇಟ್ಟುಕೊಂಡು ಹೋಗುವುದು ಒಳ್ಳೆಯದು.

ದೊಡ್ಡ ಫೋನಿನ ಈ ರೂಢಿ ಎಲ್ಲಿಂದ ಶುರುವಾಯಿತು?

ಮೇಲೆ ಹೇಳಿದ ಗ್ಯಾಲಕ್ಸಿ ನೋಟ್‌ನಿಂದಲೇ ಎನ್ನಬೇಕು. ಅದನ್ನು 2011ರ ಸೆಪ್ಟೆಂಬರ್ 1ರಂದು ಬರ್ಲಿನ್ ನಗರದ ಐಎಫ್‌ಎ ಎಂಬ ಎಲೆಕ್ಟ್ರಾನಿಕ್ಸ್ ಪ್ರದರ್ಶನದಲ್ಲಿ ಮೊದಲು ತೋರಿಸಿದರು. 1280x800 ಪಿಕ್ಸೆಲ್‌ಗಳ (ಚಿತ್ರ ಮೂಡಿಸುವ ಸಣ್ಣ ಚುಕ್ಕೆಗಳ) ಸೂಪರ್ ಅಮೊಲೆಡ್ ಪರದೆ, 1.4 ಗಿಗಾಹರ್ಟ್ಸ್ ವೇಗದ ಎರಡು ಕೋರ್‌ಗಳ ಪ್ರೊಸೆಸರ್, 1 ಜಿಬಿ ರ‍್ಯಾಮ್, 8 ಮೆಗಾಪಿಕ್ಸೆಲ್ ಕ್ಯಾಮೆರಾ, 2500 ಎಂಎಎಚ್ ಬ್ಯಾಟರಿ, 178 ಗ್ರಾಂ ತೂಕ ಅದರ ವಿವರಗಳು. ಕಿವಿಗೆ ಹಿಡಿದರೆ ಅರ್ಧ ಮುಖವನ್ನೇ ಮುಚ್ಚುತ್ತದೆ ಎಂದು ಆಗ ಹಲವರು ಹೀಗಳೆದರು. ಆದರೂ 2012ರ ಆಗಸ್ಟ್ ಹೊತ್ತಿಗೆ ಒಂದು ಕೋಟಿ ನೋಟ್‌ಗಳು ಮಾರಾಟವಾಗಿವೆಯೆಂದು ಕಂಪನಿ ಪ್ರಕಟಿಸಿತು.

ಆಮೇಲೆ ಬಾಗಿಲು ತೆರೆದಂತಾಯಿತು. 2012ರಲ್ಲಿ ನೋಟ್ 2 ಪರದೆ 5.5 ಇಂಚಿಗೆ, 2013ರಲ್ಲಿ ನೋಟ್ 3 ಪರದೆ 5.7 ಇಂಚಿಗೆ ಏರಿತು. 2013ರಲ್ಲಿಯೇ ಸೋನಿ ಕಂಪನಿ ಎಕ್ಸ್‌ಪೀರಿಯಾ ಝೆಡ್ ಅಲ್ಟ್ರಾ ಫೋನಿನಲ್ಲಿ 6.44 ಇಂಚಿನವರೆಗೆ ಹೋಯಿತು. ಅಲ್ಲಿಯವರೆಗೆ ಚಿಕ್ಕ ಫೋನಿಗೇ ಅಂಟಿಕೊಂಡಿದ್ದ ಆ್ಯಪಲ್ ಕೂಡ 2014ರ ಸೆಪ್ಟೆಂಬರ್‌ನಲ್ಲಿ 5.5 ಇಂಚಿನ ಐಫೋನ್ 6 ಪ್ಲಸ್ ತಂದಿತು. ನಮ್ಮ ಊರುಗಳ ಮಟ್ಟಿಗೆ ದೊಡ್ಡ ಪರದೆಯನ್ನು ಸಾಮಾನ್ಯರ ಕೈಗೆ ಕೊಟ್ಟದ್ದು ಮೈಕ್ರೋಮ್ಯಾಕ್ಸ್‌ನ 5 ಇಂಚಿನ ಕ್ಯಾನ್ವಾಸ್ ಫೋನುಗಳು ಎಂಬುದು ನನ್ನ ಅನಿಸಿಕೆ. ನನ್ನ ಮೇಜಿಗೆ ಬಂದ ಮೊದಲ ದೊಡ್ಡ ಪರದೆಗಳು ಅವೇ.

ಕನ್ನಡ ಓದುವವರಿಗೆ ದೊಡ್ಡ ಪರದೆಯಿಂದ ಬೇರೆಯದೇ ಆದ ಪ್ರಯೋಜನವಿದೆಯೇ?

ಇದೆ, ಮತ್ತು ಈ ಪ್ರಶ್ನೆಯನ್ನು ಯಾರಾದರೂ ಕೇಳಿದಾಗ ನನಗೆ ಬಹಳ ಸಂತೋಷವಾಗುತ್ತದೆ. ಇಂಗ್ಲಿಷ್ ಅಕ್ಷರ ಒಂದೇ ಸಾಲಿನಲ್ಲಿ ಪಕ್ಕಪಕ್ಕಕ್ಕೆ ನಿಲ್ಲುತ್ತದೆ. ಕನ್ನಡದ ಅಕ್ಷರಕ್ಕೆ ತಲೆಕಟ್ಟು, ಗುಡಿಸು ಮೇಲೆ ಬರುತ್ತವೆ, ಒತ್ತಕ್ಷರ ಕೆಳಗಿಳಿಯುತ್ತದೆ, ದೀರ್ಘ ಬಲಕ್ಕೆ ಚಾಚುತ್ತದೆ. 'ರಾಷ್ಟ್ರೀಯ', 'ಲಕ್ಷ್ಮೀ' ಎಂಬ ಪದಗಳನ್ನು ನೋಡಿ: ಒಂದೇ ಅಕ್ಷರದ ಜಾಗದಲ್ಲಿ ಮೂರು ನಾಲ್ಕು ತುಣುಕುಗಳು ಸೇರಿಕೊಂಡಿವೆ. ಇವು ಸ್ಪಷ್ಟವಾಗಿ ಕಾಣಬೇಕಾದರೆ ಸಾಲು ಸಾಲಿನ ನಡುವೆ ಹೆಚ್ಚು ಜಾಗವೂ, ಪರದೆಯಲ್ಲಿ ಒತ್ತಾದ ಪಿಕ್ಸೆಲ್‌ಗಳೂ ಬೇಕು. ದೊಡ್ಡ ಪರದೆ ಮೊದಲನೆಯದನ್ನು ಕೊಡುತ್ತದೆ. ಎರಡನೆಯದನ್ನು ಕೊಡುತ್ತದೆಯೋ ಇಲ್ಲವೋ ಎಂಬುದನ್ನು ನೀವೇ ನೋಡಿಕೊಳ್ಳಬೇಕು.

ಅಗ್ಗದ ದೊಡ್ಡ ಫೋನುಗಳಲ್ಲಿ ಬಹುಪಾಲು ಎಚ್‌ಡಿ ಪ್ಲಸ್, ಅಂದರೆ 1600x720 ಪಿಕ್ಸೆಲ್‌ಗಳ ಪರದೆ ಇರುತ್ತದೆ. 6.7 ಇಂಚಿನಲ್ಲಿ ಹರಡಿದರೆ ಅದು ಇಂಚಿಗೆ ಸುಮಾರು 262 ಪಿಕ್ಸೆಲ್ ಆಗುತ್ತದೆ, 2011ರ ನೋಟ್‌ನಲ್ಲಿದ್ದ 285ಕ್ಕಿಂತಲೂ ಕಡಿಮೆ. ಅದೇ ಅಳತೆಯಲ್ಲಿ 2400x1080 ಪಿಕ್ಸೆಲ್‌ಗಳ ಫುಲ್ ಎಚ್‌ಡಿ ಪ್ಲಸ್ ಪರದೆ ಇದ್ದರೆ ಇಂಚಿಗೆ 393 ಬರುತ್ತದೆ. ಇಂಗ್ಲಿಷ್ ಓದುವವರಿಗೆ ಈ ವ್ಯತ್ಯಾಸ ಅಷ್ಟಾಗಿ ತಿಳಿಯದು, ಕನ್ನಡ ಓದುವವರಿಗೆ ಒತ್ತಕ್ಷರದ ಅಂಚಿನಲ್ಲಿ ಕೂಡಲೇ ತಿಳಿಯುತ್ತದೆ. ಅಂಗಡಿಯಲ್ಲಿ ಹೊಳೆಯುವ ವಿಡಿಯೋ ತೋರಿಸಿದರೆ ಮರುಳಾಗಬೇಡಿ. ಯಾವುದಾದರೂ ಕನ್ನಡ ಪತ್ರಿಕೆಯ ಜಾಲತಾಣ ತೆರೆಸಿ, ಸಣ್ಣ ಅಕ್ಷರದಲ್ಲಿರುವ ಒಂದು ಸುದ್ದಿಯನ್ನು ಪೂರ್ತಿ ಓದಿ ನೋಡಿ.

ಮೊದಲ ನೋಟ್ ಬಂದ ಕಾಲದ ಆಂಡ್ರಾಯ್ಡ್ 2.3ರಲ್ಲಿ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದದ್ದು ಹಲವರಿಗೆ ನೆನಪಿರಬಹುದು. ಪರದೆ ಎಷ್ಟು ದೊಡ್ಡದಿದ್ದರೂ ನಮ್ಮ ಭಾಷೆಗೆ ಅದರಲ್ಲಿ ಜಾಗವಿರಲಿಲ್ಲ. ಫೋನಿನ ಆಯ್ಕೆಗಳನ್ನೆಲ್ಲ ಕನ್ನಡದಲ್ಲೇ ತೋರಿಸುವ ಅನುಕೂಲ 2014ರ ಆಂಡ್ರಾಯ್ಡ್ 5.0 ಆವೃತ್ತಿಯೊಂದಿಗೆ ಬಂತು. ಅದೇ ಆವೃತ್ತಿಯಲ್ಲಿ ಮರಾಠಿಯೂ ಬಂದದ್ದರಿಂದ, ಬೆಳಗಾವಿಯಂಥ ಊರಿನಲ್ಲಿ ಒಂದೇ ಮನೆಯಲ್ಲಿ ಎರಡೂ ಭಾಷೆ ಓದುವವರಿಗೆ ಒಂದೇ ಸಲಕ್ಕೆ ಉಪಕಾರವಾಯಿತು.

ಅಪ್ಪನಿಗೆ ಚಾಳೀಸು ಬಂದಿದೆ, ದೊಡ್ಡ ಫೋನು ಕೊಡಿಸಿದರೆ ಕನ್ನಡಕವಿಲ್ಲದೆ ಓದಬಹುದೇ?

ಪರದೆ ದೊಡ್ಡದಾದ ಮಾತ್ರಕ್ಕೆ ಅಕ್ಷರ ದೊಡ್ಡದಾಗುವುದಿಲ್ಲ. ಅಕ್ಷರದ ಅಳತೆ ಹಾಗೆಯೇ ಉಳಿದು ಹೆಚ್ಚು ಸಾಲುಗಳು ಕಾಣುತ್ತವೆ, ಅಷ್ಟೇ. ಸೆಟ್ಟಿಂಗ್ಸ್‌ನಲ್ಲಿ ಡಿಸ್ಪ್ಲೇ ವಿಭಾಗಕ್ಕೆ ಹೋಗಿ ಅಕ್ಷರದ ಗಾತ್ರವನ್ನು ನೀವೇ ಹಿಗ್ಗಿಸಬೇಕು. ಹೀಗೆ ಹಿಗ್ಗಿಸಿದಾಗ ಚಿಕ್ಕ ಫೋನಿನ ಪರದೆಯಲ್ಲಿ ಕೆಲವೇ ಸಾಲುಗಳು ಉಳಿಯುತ್ತವೆ, ದೊಡ್ಡ ಫೋನಿನಲ್ಲಿ ಹೆಚ್ಚು ಸಾಲುಗಳು ಉಳಿದು ಓದಿನ ಓಟ ತಪ್ಪುವುದಿಲ್ಲ. ದೊಡ್ಡ ಪರದೆಯ ನಿಜವಾದ ಉಪಯೋಗ ಇದು.

ನನ್ನ ತಂದೆಗೆ ಫೋನು ಕೊಡಿಸಿದಾಗ ನಾನೂ ಇದನ್ನು ಮರೆತಿದ್ದೆ. ಹದಿನೈದು ದಿನ ಅವರು ಫೋನನ್ನು ಕೈ ಚಾಚಿ ದೂರ ಹಿಡಿದೇ ಓದುತ್ತಿದ್ದರು, ನನಗೆ ಏನೂ ಹೇಳಲಿಲ್ಲ. ಅಕ್ಷರ ಹಿಗ್ಗಿಸಿ ಕೊಟ್ಟ ದಿನ ಪತ್ರಿಕೆಯನ್ನು ಕೊನೆಯವರೆಗೆ ಓದಿ ಮುಗಿಸಿದರು. ಆಮೇಲಿಂದ ಹಿರಿಯರಿಗೆಂದು ಕೊಂಡ ಫೋನು ನನ್ನ ಕೈಗೆ ಬಂದರೆ ಕೇಳದಿದ್ದರೂ ಇದೊಂದನ್ನು ಮಾಡಿಕೊಟ್ಟು ಕಳಿಸುತ್ತೇನೆ. ಕನ್ನಡಕ ಮಾತ್ರ ಬಿಡಬಾರದು, ಕಣ್ಣಿನ ವೈದ್ಯರು ಹೇಳಿದಂತೆ ಹಾಕಿಕೊಳ್ಳಲೇಬೇಕು.

ಫೋನಿನಲ್ಲಿ ಉತಾರ ನೋಡಲು ಯಾವುದು ಸರಿ?

ರಾಜ್ಯ ಸರ್ಕಾರದ ಭೂಮಿ ತಾಣದಲ್ಲಿ ಸಿಗುವ ಪಹಣಿ, ಅಂದರೆ ನಮ್ಮ ಕಡೆಯ ಉತಾರ, ಕಾಗದದ ನಮೂನೆಯಲ್ಲೇ ಇರುವುದರಿಂದ ಅದರ ಕಾಲಂಗಳು ಅಡ್ಡಕ್ಕೆ ಹರಡಿಕೊಂಡಿರುತ್ತವೆ. ಫೋನನ್ನು ಅಡ್ಡ ತಿರುಗಿಸಿ, ಆಟೋ ರೊಟೇಟ್ ಆಯ್ಕೆಯನ್ನು ಚಾಲೂ ಮಾಡಿಟ್ಟು ನೋಡಿದರೆ 6.7 ಇಂಚಿನ ಉದ್ದದ ಪರದೆ ಇಲ್ಲಿ ಬಹಳ ಸಹಾಯಕ್ಕೆ ಬರುತ್ತದೆ.

ಪೆನ್ನು ಇರುವ ಫೋನಿನಿಂದ ಏನು ಉಪಯೋಗ?

ನೋಟ್ ಎಂಬ ಹೆಸರೇ ಟಿಪ್ಪಣಿ ಬರೆದುಕೊಳ್ಳುವ ಉದ್ದೇಶದಿಂದ ಬಂದದ್ದು. ಗ್ಯಾಲಕ್ಸಿ ನೋಟ್ ಜೊತೆಗೇ ಬರುತ್ತಿದ್ದ ಎಸ್ ಪೆನ್ ಎಂಬ ಪೆನ್ನು ವಾಕಾಮ್ ಕಂಪನಿಯ ತಂತ್ರಜ್ಞಾನದ್ದು. ಪರದೆಯ ಕೆಳಗಿನ ಒಂದು ತೆಳುವಾದ ಪದರ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ, ಪೆನ್ನಿನೊಳಗಿನ ಚಿಕ್ಕ ಸುರುಳಿ ಅದರಿಂದಲೇ ಶಕ್ತಿ ಪಡೆದು ತಾನಿರುವ ಜಾಗವನ್ನು ತಿಳಿಸುತ್ತದೆ, ಹಾಗಾಗಿ ಬರೆಯುವುದಕ್ಕಾಗಿ ಪೆನ್ನಿಗೆ ಬ್ಯಾಟರಿ ಬೇಕಿಲ್ಲ. ಎಷ್ಟು ಒತ್ತಿದ್ದೀರಿ ಎಂಬುದೂ ಗೊತ್ತಾಗುವುದರಿಂದ ಗೆರೆ ದಪ್ಪ ತೆಳು ಆಗುತ್ತದೆ. ನೋಟ್ ಸಾಲು 2020ರ ನೋಟ್ 20ರೊಂದಿಗೆ ನಿಂತಿತು. 2022ರಿಂದ ಅದೇ ಪೆನ್ನು ಗ್ಯಾಲಕ್ಸಿ ಎಸ್22 ಅಲ್ಟ್ರಾ ಮತ್ತು ಅದರ ಮುಂದಿನ ಅಲ್ಟ್ರಾ ಫೋನುಗಳ ಒಳಗೆ ಸೇರಿತು.

ಗುಳೇದಗುಡ್ಡದ ಖಣದ ನಮೂನೆ ಬರೆಯುವವರಿಗೆ, ಕಟ್ಟಡದ ನಕ್ಷೆಯ ಮೇಲೆ ಗುರುತು ಹಾಕುವವರಿಗೆ, ಪಾಠ ಮಾಡುವ ಶಿಕ್ಷಕರಿಗೆ ಇದು ದುಡ್ಡಿಗೆ ತಕ್ಕ ಸಾಧನ. ಬರೀ ಮಾತಾಡಲು, ವಿಡಿಯೋ ನೋಡಲು ಬೇಕಾದವರು ಪೆನ್ನಿಗಾಗಿ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ.

ಪರದೆಯಲ್ಲಿ ಕಂಡ ಸೀರೆಯ ಬಣ್ಣಕ್ಕೂ ಕೈಗೆ ಬಂದ ಸೀರೆಗೂ ಹೊಂದುತ್ತಿಲ್ಲ, ಫೋನು ಕೆಟ್ಟಿದೆಯೇ?

ಕೆಟ್ಟಿಲ್ಲ. ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರು ಇದನ್ನೇ ಕೇಳಿಕೊಂಡು ಬಂದಿದ್ದರು. ಗಿರಿ ಕುಂಕುಮ ಬಣ್ಣದ ಸೀರೆಯ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ, ದೂರದ ಊರಿನವರು ಇದು ಬೇರೆ ಕೆಂಪು ಎಂದು ಸೀರೆ ಮರಳಿಸಿದ್ದರು. ಅಮೊಲೆಡ್ ಪರದೆಗಳಲ್ಲಿ ಪ್ರತಿಯೊಂದು ಪಿಕ್ಸೆಲ್ ತಾನೇ ಬೆಳಕು ಕೊಡುತ್ತದೆ, ಕಪ್ಪು ಇರುವಲ್ಲಿ ಪೂರ್ತಿ ಆರಿಹೋಗುತ್ತದೆ. ಅದರಿಂದ ಬಣ್ಣ ಗಾಢವಾಗಿ ಕಾಣುವುದು ಒಂದು ಕಾರಣ. ಜೊತೆಗೆ ಅನೇಕ ಫೋನುಗಳು ಕಾರ್ಖಾನೆಯಿಂದ ಬರುವಾಗಲೇ ವಿವಿಡ್ ಎಂಬ ಆಯ್ಕೆಯಲ್ಲಿರುತ್ತವೆ, ಅದು ಕೆಂಪು ಹಸಿರುಗಳನ್ನು ಇದ್ದದ್ದಕ್ಕಿಂತ ಹೆಚ್ಚು ಕಡುವಾಗಿಸುತ್ತದೆ. ಡಿಸ್ಪ್ಲೇ ಸೆಟ್ಟಿಂಗ್ಸ್‌ನಲ್ಲಿ ನ್ಯಾಚುರಲ್ ಅಥವಾ ಸ್ಟ್ಯಾಂಡರ್ಡ್ ಆಯ್ಕೆ ಮಾಡಿಕೊಂಡರೆ ನೀವು ನೋಡುವುದು ನಿಜಕ್ಕೆ ಹತ್ತಿರವಾಗುತ್ತದೆ. ರಾತ್ರಿ ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ಹಳದಿಯಾಗಿಸುವ ಆಯ್ಕೆಯನ್ನೂ ಆ ಹೊತ್ತಿಗೆ ತೆಗೆದಿಡಬೇಕು.

ಇಷ್ಟು ಮಾಡಿದರೂ ಎದುರಿನವರ ಫೋನಿನ ಪರದೆ ನಿಮ್ಮ ಹಿಡಿತದಲ್ಲಿಲ್ಲ. ಆ ವ್ಯಾಪಾರಿಗೆ ನಾನು ಹೇಳಿದ್ದು: ಟ್ಯೂಬ್‌ಲೈಟಿನ ಕೆಳಗೆ ಬೇಡ, ಹಗಲು ನೆರಳಿನಲ್ಲಿ ಸೀರೆಯ ದಡಿ, ಮೈ, ತೋಪು ತೆನಿ ಸೆರಗು ಮೂರನ್ನೂ ಒಂದೇ ಚಿತ್ರದಲ್ಲಿ ತೆಗೆಯಿರಿ, ಪಕ್ಕಕ್ಕೆ ಒಂದು ಬಿಳಿ ಹಾಳೆ ಇಡಿ. ಬಿಳಿ ಹಾಳೆ ಬಿಳಿಯಾಗಿ ಕಂಡರೆ ಉಳಿದ ಬಣ್ಣಗಳನ್ನೂ ಅಷ್ಟರಮಟ್ಟಿಗೆ ನಂಬಬಹುದು.

ವಿಜಯಪುರದ ಬೇಸಿಗೆಯಲ್ಲಿ ಹೊಲದಲ್ಲಿ ನಿಂತರೆ ಪರದೆ ಮಬ್ಬಾಗುತ್ತದೆ, ಏಕೆ?

ಬಿಸಿಲಿನಲ್ಲಿ ಓದಿಸಲು ಫೋನು ಬೆಳಕನ್ನು ಗರಿಷ್ಠ ಮಟ್ಟಕ್ಕೆ ಏರಿಸುತ್ತದೆ, ಏರಿಸಿದಷ್ಟೂ ಬಿಸಿಯಾಗುತ್ತದೆ, ಬಿಸಿ ಒಂದು ಮಿತಿ ದಾಟಿದಾಗ ತನ್ನನ್ನು ತಾನು ಕಾಪಾಡಿಕೊಳ್ಳಲು ಬೆಳಕನ್ನು ತಾನಾಗಿಯೇ ಇಳಿಸುತ್ತದೆ. ಆ್ಯಪಲ್ ತನ್ನ ಐಫೋನುಗಳನ್ನು 0ರಿಂದ 35 ಡಿಗ್ರಿ ಸೆಲ್ಸಿಯಸ್ ವಾತಾವರಣದಲ್ಲಿ ಬಳಸಬೇಕೆಂದು ಹೇಳುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳು 40 ಡಿಗ್ರಿ ದಾಟುವುದರಿಂದ ಫೋನು ಮಬ್ಬಾಗುವುದು ದೋಷವಲ್ಲ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ಕೇಳಿದಾಗ ನಾನು ಎರಡು ಅಂಶ ನೋಡಲು ಹೇಳುತ್ತೇನೆ. ಮೊದಲನೆಯದು ನಿಟ್ಸ್ ಎಂಬ ಅಳತೆಯಲ್ಲಿ ಹೇಳುವ ಬೆಳಕಿನ ಗರಿಷ್ಠ ಮಟ್ಟ: 2024ರ ಗ್ಯಾಲಕ್ಸಿ ಎಸ್24 ಅಲ್ಟ್ರಾದಲ್ಲಿ ಇದು 2600. ಎರಡನೆಯದು ಪ್ರತಿಫಲನ ತಗ್ಗಿಸುವ ಗಾಜು. ಅದೇ ಫೋನಿನ ಗಾಜಿನಲ್ಲಿ ಪ್ರತಿಫಲನ ಶೇ. 75ರವರೆಗೆ ಕಡಿಮೆಯೆಂದು ಅದನ್ನು ತಯಾರಿಸುವ ಕಾರ್ನಿಂಗ್ ಕಂಪನಿ ಹೇಳುತ್ತದೆ. ಆದರೆ ಅದರ ಮೇಲೆ ಸಾದಾ ಟೆಂಪರ್ಡ್ ಗ್ಲಾಸ್ ಅಂಟಿಸಿದರೆ ಆ ಗುಣ ಮುಚ್ಚಿಹೋಗುತ್ತದೆಯೆಂಬುದನ್ನು ನೆನಪಿಡಬೇಕು.

ಬಿಸಿಲಲ್ಲಿ ಚಾರ್ಜಿಗೆ ಹಾಕಬೇಡಿ, ಟ್ರ್ಯಾಕ್ಟರಿನ ಬಾನೆಟ್ ಮೇಲೆ ಇಡಬೇಡಿ. ಲಿಥಿಯಂ ಬ್ಯಾಟರಿಯ ಆಯುಷ್ಯವನ್ನು ಬಿಸಿಯಷ್ಟು ಬೇಗ ತಿನ್ನುವುದು ಬೇರೊಂದಿಲ್ಲ.

ದೊಡ್ಡ ಫೋನಿನ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆಯೇ? ಸಿಡಿಯುವ ಭಯವಿಲ್ಲವೇ?

ಮೈ ದೊಡ್ಡದಿರುವುದರಿಂದ ದೊಡ್ಡ ಬ್ಯಾಟರಿ ಹಿಡಿಸುತ್ತದೆ. 5000 ಎಂಎಎಚ್ ಈಗ ಸಾಮಾನ್ಯ, ಮೊದಲ ನೋಟ್‌ನ ನೇರ ಎರಡರಷ್ಟು. ಆದರೆ ದೊಡ್ಡ ಪರದೆ ಹೆಚ್ಚು ಉಣ್ಣುತ್ತದೆ ಕೂಡ. ಅಮೊಲೆಡ್ ಪರದೆಯಾದರೆ ಹಿನ್ನೆಲೆಯನ್ನು ಕಪ್ಪಾಗಿಸಿ ಉಳಿತಾಯ ಮಾಡಬಹುದು. ಎಲ್‌ಸಿಡಿ ಪರದೆಯಲ್ಲಿ ಹಿಂದಿನ ದೀಪ ಹೇಗೂ ಉರಿಯುತ್ತಲೇ ಇರುವುದರಿಂದ ಕಪ್ಪಾಗಿಸಿ ಲಾಭವಿಲ್ಲ.

ಸಿಡಿಯುವ ಭಯ ಜನರ ಮನಸ್ಸಿಗೆ ಬಂದದ್ದು 2016ರ ಸ್ಯಾಮ್‌ಸಂಗ್ ನೋಟ್ 7ರಿಂದ. ಆ ವರ್ಷ ಆಗಸ್ಟ್‌ನಲ್ಲಿ ಬಿಡುಗಡೆಯಾದ ಆ ಫೋನುಗಳಿಗೆ ಬೆಂಕಿ ಹತ್ತಿದ ಪ್ರಕರಣಗಳ ನಂತರ ಕಂಪನಿ ಅವುಗಳನ್ನು ಹಿಂದಕ್ಕೆ ಕರೆಸಿತು, ಬದಲಿ ಕೊಟ್ಟ ಫೋನುಗಳೂ ಹೊತ್ತಿದಾಗ ಅಕ್ಟೋಬರ್‌ನಲ್ಲಿ ತಯಾರಿಕೆಯನ್ನೇ ನಿಲ್ಲಿಸಿತು. 2017ರ ಜನವರಿಯಲ್ಲಿ ಕಂಪನಿ ಕೊಟ್ಟ ವಿವರಣೆಯ ಪ್ರಕಾರ ದೋಷ ಬ್ಯಾಟರಿಯೊಳಗಿತ್ತು: ಒಂದು ಬಗೆಯ ಬ್ಯಾಟರಿಯಲ್ಲಿ ಮೂಲೆಯ ಪದರ ಬಾಗಿತ್ತು, ಇನ್ನೊಂದರಲ್ಲಿ ಬೆಸುಗೆಯ ಚೂಪು ತುದಿಗಳು ಪದರವನ್ನು ಚುಚ್ಚುತ್ತಿದ್ದವು. ಪರದೆಯ ಗಾತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ನನ್ನ ಮೇಜಿನ ಅನುಭವದಲ್ಲಿ ಅಪಾಯ ಇರುವುದು ಉಬ್ಬಿದ ಬ್ಯಾಟರಿಯನ್ನು ಹಾಗೆಯೇ ಬಳಸುವುದರಲ್ಲಿ. ಹಿಂದಿನ ಮುಚ್ಚಳ ಏಳುತ್ತಿದೆ ಎನಿಸಿದ ದಿನವೇ ಫೋನು ಆರಿಸಿ ಬದಲಿಸಿಕೊಳ್ಳಿ.

ಒಂದೇ ಕೈಯಲ್ಲಿ ಹಿಡಿದು ಬಳಸಬಹುದೇ?

ಮೂಲೆಯಿಂದ ಮೂಲೆಗೆ ಹೆಬ್ಬೆರಳು ಮುಟ್ಟುವುದಿಲ್ಲ. ಒಂದು ಕೈಯ ಬಳಕೆಗೆಂದು ಪರದೆಯನ್ನು ತಾತ್ಕಾಲಿಕವಾಗಿ ಕುಗ್ಗಿಸುವ ಆಯ್ಕೆ ಬಹುತೇಕ ಫೋನುಗಳಲ್ಲಿದೆ. ಎಸ್24 ಅಲ್ಟ್ರಾದಂಥ ಫೋನಿನ ತೂಕ 232 ಗ್ರಾಂ, ಕವರು ಸೇರಿದರೆ ಕಾಲು ಕೆ.ಜಿ. ದಾಟುತ್ತದೆ. ಅಂಗಿಯ ಮೇಲಿನ ಕಿಸೆಯಲ್ಲಿ ಇಟ್ಟುಕೊಂಡು ಬಗ್ಗಿದಾಗ ಬಿದ್ದು ಒಡೆದ ಪರದೆಗಳೇ ನನ್ನಲ್ಲಿಗೆ ಹೆಚ್ಚು ಬರುತ್ತವೆ.

ಮಡಚುವ ಫೋನು ನಮ್ಮ ಧೂಳಿಗೆ ತಾಳುತ್ತದೆಯೇ?

2019ರ ಏಪ್ರಿಲ್‌ನಲ್ಲಿ ಬರಬೇಕಿದ್ದ ಮೊದಲ ಗ್ಯಾಲಕ್ಸಿ ಫೋಲ್ಡ್, ಪರೀಕ್ಷೆಗೆ ಕೊಟ್ಟ ಫೋನುಗಳ ಪರದೆ ಕೆಟ್ಟದ್ದರಿಂದ ತಡವಾಗಿ ಸೆಪ್ಟೆಂಬರ್‌ನಲ್ಲಿ ಬಂತು, ಕೀಲಿನ ಸಂದಿಗಳನ್ನು ಮುಚ್ಚಬೇಕಾಯಿತು. ಅಂದಿನಿಂದ ತಂತ್ರಜ್ಞಾನ ಬಹಳ ಸುಧಾರಿಸಿದೆ. ಆದರೂ ಎರೆಹೊಲದ ಧೂಳಿನಲ್ಲಿ, ಕಲ್ಲಿನ ಕ್ವಾರಿಯಲ್ಲಿ, ಫೌಂಡ್ರಿಯಲ್ಲಿ ದುಡಿಯುವವರಿಗೆ ನಾನು ಮಡಚದ ಫೋನನ್ನೇ ಹೇಳುತ್ತೇನೆ. ಐಪಿ68 ಎಂಬ ಗುರುತಿನಲ್ಲಿ ಮೊದಲ ಅಂಕಿ 6 ಧೂಳಿನದು, ಎರಡನೆಯ ಅಂಕಿ 8 ನೀರಿನದು. ಮೊದಲ ಅಂಕಿ 6 ಇದೆಯೇ ಎಂದು ನೋಡಿಕೊಳ್ಳಿ.

ಹೊಸ ಫೋನು ಬಿಡುಗಡೆಯಾಯಿತೆಂದು ಕೇಳಿ ಅಂಗಡಿಗೆ ಹೋದರೆ ಇನ್ನೂ ಬಂದಿಲ್ಲ ಎನ್ನುತ್ತಾರೆ, ಏಕೆ?

ತೋರಿಸುವ ದಿನ ಬೇರೆ, ಮಾರುವ ದಿನ ಬೇರೆ. ಮೊದಲ ನೋಟನ್ನು ಸೆಪ್ಟೆಂಬರ್‌ನಲ್ಲಿ ತೋರಿಸಿದರೂ ಭಾರತಕ್ಕೆ ಬಂದದ್ದು ನವೆಂಬರ್‌ನಲ್ಲಿ. ಈಗ ಅಂತರ ಕಡಿಮೆಯಾಗಿದೆ: ಎಸ್24 ಅಲ್ಟ್ರಾವನ್ನು 2024ರ ಜನವರಿ 17ರಂದು ತೋರಿಸಿ, ಜನವರಿ 31ರಿಂದ ಮಾರಾಟಕ್ಕಿಟ್ಟರು. ಅವಸರವಿಲ್ಲದಿದ್ದರೆ ಒಂದೆರಡು ತಿಂಗಳು ಕಾಯಿರಿ. ಅಷ್ಟರಲ್ಲಿ ಕವರು, ಗ್ಲಾಸು, ಬಿಡಿಭಾಗಗಳು ನಮ್ಮ ಊರಿಗೂ ಬಂದಿರುತ್ತವೆ. ಎಷ್ಟು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡುತ್ತಾರೆ ಎಂಬುದನ್ನೂ ಕೇಳಿ. ಎಸ್24 ಸಾಲಿಗೆ ಏಳು ವರ್ಷದ ಭರವಸೆಯಿದೆ, ಅನೇಕ ಅಗ್ಗದ ಫೋನುಗಳಲ್ಲಿ ಇದು ಕಡಿಮೆ.

ದೊಡ್ಡ ಪರದೆಯಿಂದ ವಿಕಿರಣ ಹೆಚ್ಚೇ?

ಇಲ್ಲ. ರೇಡಿಯೋ ತರಂಗ ಹೊರಡುವುದು ಆ್ಯಂಟೆನಾದಿಂದ, ಪರದೆಯಿಂದ ಅಲ್ಲ. ಭಾರತದಲ್ಲಿ ಎಲ್ಲ ಫೋನುಗಳಿಗೂ, ದೇಹ ಹೀರಿಕೊಳ್ಳುವ ತರಂಗಕ್ಕೆ ದೇಹದ ಒಂದು ಕೆ.ಜಿ.ಗೆ 1.6 ವ್ಯಾಟ್ ಎಂಬ ಒಂದೇ ಮಿತಿ ಇದೆ.

ಡಿಸ್ಪ್ಲೇ ಒಡೆದರೆ ಖರ್ಚು ಎಷ್ಟಾಗುತ್ತದೆ?

ಈಗಿನ ಫೋನುಗಳಲ್ಲಿ ಗಾಜು, ಟಚ್, ಡಿಸ್ಪ್ಲೇ ಮೂರೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಾವು ಕಾಂಬೊ ಎನ್ನುವ ಅದನ್ನು ಇಡಿಯಾಗಿ ಬದಲಿಸಬೇಕಾಗುವುದರಿಂದ ಅಮೊಲೆಡ್ ಫೋನುಗಳಲ್ಲಿ ಖರ್ಚು ಭಾರಿಯಾಗುತ್ತದೆ. ಕೊಳ್ಳುವ ಮೊದಲೇ ಆ ಫೋನಿನ ಅಸಲಿ ಕಾಂಬೊ ಬೆಲೆಯನ್ನು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿಕೊಳ್ಳಿ. ಒಬ್ಬ ಗಿರಾಕಿ ಬೇರೆ ಊರಿನ ಅಂಗಡಿಯೊಂದರಲ್ಲಿ ಅಸಲಿಯ ದುಡ್ಡು ಕೊಟ್ಟು ನಕಲಿ ಕಾಂಬೊ ಹಾಕಿಸಿಕೊಂಡು ಬಂದಿದ್ದರು. ಅಮೊಲೆಡ್ ಜಾಗದಲ್ಲಿ ಎಲ್‌ಸಿಡಿ ಕೂಡಿಸಿದ್ದರಿಂದ ಪರದೆ ದಪ್ಪವಾಗಿ ಎದ್ದು ನಿಂತಿತ್ತು, ಬೆರಳ ಗುರುತಿನ ಲಾಕೂ ಕೆಲಸ ಮಾಡುತ್ತಿರಲಿಲ್ಲ. ಇಂಥ ಮೋಸವಾದರೆ ಬಿಲ್ಲು ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು, ಅಂಗಡಿ ಇರುವ ಊರಿಗೆ ಅಲೆಯಬೇಕಿಲ್ಲ.

ಬಳಸಿದ ದೊಡ್ಡ ಫೋನು ಕೊಳ್ಳುವುದು ಒಳ್ಳೆಯದೇ?

ಕಡಿಮೆ ಹಣದಲ್ಲಿ ಒಳ್ಳೆಯ ಪರದೆ ಸಿಗುವ ದಾರಿ ಇದೇ ಎಂದು ನಾನು ನಂಬಿದ್ದೇನೆ, ಆದರೆ ನೋಡಿ ಕೊಳ್ಳಬೇಕು. ಪೂರ್ತಿ ಬಿಳಿಯಾದ ಒಂದು ಚಿತ್ರ ತೆರೆದು ಬೆಳಕನ್ನು ಏರಿಸಿ. ಅಮೊಲೆಡ್ ಪರದೆ ಸವೆದಿದ್ದರೆ ಮೇಲಿನ ಗಡಿಯಾರ, ಕೆಳಗಿನ ಬಟನ್‌ಗಳು, ಕೀಲಿಮಣೆಯ ಅಚ್ಚು ನೆರಳಿನಂತೆ ಕಾಣುತ್ತವೆ, ಅದನ್ನು ಸರಿಪಡಿಸಲು ಬರುವುದಿಲ್ಲ. ಆಮೇಲೆ ಒಂದು ಐಕಾನನ್ನು ಒತ್ತಿ ಹಿಡಿದು ಪರದೆಯ ಮೂಲೆ ಮೂಲೆಗೂ ಎಳೆಯಿರಿ. ನಡುವೆ ಎಲ್ಲಾದರೂ ಕೈಬಿಟ್ಟರೆ ಅಲ್ಲಿ ಟಚ್ ಹೋಗಿದೆ ಎಂದು ತಿಳಿಯಬೇಕು. *#06# ಒತ್ತಿದಾಗ ಬರುವ, ಫೋನಿನ ಗುರುತಾದ 15 ಅಂಕಿಯ ಐಎಂಇಐ ಸಂಖ್ಯೆಯನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ತಾಣದಲ್ಲಿ ಹಾಕಿ ನೋಡಿ. ಕದ್ದ ಫೋನೆಂದು ದೂರು ದಾಖಲಾಗಿ ಸಂಖ್ಯೆ ತಡೆಹಿಡಿಯಲಾಗಿದ್ದರೆ ಅಲ್ಲಿ ತಿಳಿಯುತ್ತದೆ. ಮಾರುವವರು ತಮ್ಮ ಗೂಗಲ್ ಖಾತೆಯನ್ನು ನಿಮ್ಮ ಎದುರಿಗೇ ತೆಗೆದು ಕೊಟ್ಟ ಮೇಲೆ, ಮೊದಲಿನ ಬಿಲ್ಲು ಕೈಗೆ ಬಂದ ಮೇಲೆ, ಹಣ ಎಣಿಸಿ ಕೊಡಿ.